ಮುಂದಿನ ಗಾಲಿಯ ಹಬ್

ನನ್ನ ಅಣ್ಣ ಆಫೀಸಿನಲ್ಲಿ ಯಾರೊಂದಿಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಪುಣೆಯ ಒಂದು ಕಚೇರಿಯಲ್ಲಿ ಕಾರಕೂನ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಎರಡೂ ತೋಳಿನ ಗುಂಡಿ ಹಾಕಿಯೇ ಇರಬೇಕು. ಹೊರಗೆ ಸದಾ ಮರಾಠಿ, ಅದೂ ಶುದ್ಧ ಮಾತಿಗೆ ಹೆಸರಾದ ಸದಾಶಿವ ಪೇಠದವರೇ ತಪ್ಪು ಹುಡುಕಲಾರದಂಥ ಮರಾಠಿ. ಅದೇ ಮನುಷ್ಯ ಮಳೆಗಾಲದ ಭಾನುವಾರ ಭೋರ್ ಎಂಬ ಊರು ದಾಟಿ ಗುಡ್ಡದ ಕೆಸರಿಗೆ ಜೀಪು ಇಳಿಸಿದನೆಂದರೆ ಬಾಯಿಂದ ನಮ್ಮೂರು ವಿಜಾಪುರದ ಅಪ್ಪಟ ಬೈಗುಳ. ಬೈಗುಳ ಎಂಜಿನ್ನಿಗೆ, ಮಳೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಮುಂದೆ ನಿಂತು ಕೈಸನ್ನೆ ಮಾಡಿ ದಾರಿ ತೋರಿಸುವ ನನಗೆ.

"ಎಡಕ್ಕ ಅಂದ್ರ ಯಾವ ಎಡಕ್ಕೋ, ಖೋಡಿ! ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

ನಾನು ಗ್ಯಾರೇಜಿನವನು. ಪೇಠದ ಒಂದು ಹಳೆಯ ವಾಡೆಯ ಹಿಂದಿನ ಅಂಗಳದಲ್ಲಿ ನನ್ನ ತಗಡಿನ ಶೆಡ್ಡು, ಅದೇ ವಾಡೆಯ ಮಾಳಿಗೆಯ ಮೇಲೆ ನಮ್ಮ ಮನೆ. ತೊಂಬತ್ತರ ದಶಕದ ನಡುವಿನಲ್ಲಿ ಅಣ್ಣನೂ ನಾನೂ ಸೇರಿ ಮಿಲಿಟರಿಯವರು ಹರಾಜಿಗೆ ಹಾಕಿದ ಒಂದು ಜೀಪು ತಂದೆವು. ತಂದಾಗ ಅದಕ್ಕೆ ತಲೆಯ ಮೇಲೆ ಹೊದಿಕೆಯೂ ಇರಲಿಲ್ಲ, ಬ್ರೇಕೂ ಇರಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಮೇಲಿನಿಂದ ಬಗ್ಗಿ ನೋಡಿ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಎಂದಳು. ನಾನು ಹದಿನಾರರವನಿದ್ದಾಗ ನಮ್ಮ ಮನೆಗೆ ಬಂದವಳು, ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದಳು, ಬೈದರೂ ತಮ್ಮಾ.

ಆ ಜೀಪಿಗೆ ನಾವು ಮಾಡದ್ದಿಲ್ಲ. ಲಾರಿಯ ಹಳೆಯ ಸ್ಪ್ರಿಂಗಿನಿಂದ ಪಾಟಾ, ಅಂದರೆ ಉಕ್ಕಿನ ಪಟ್ಟಿ, ಕತ್ತರಿಸಿ ಸೇರಿಸಿದೆ, ಜೀಪು ನಾಲ್ಕು ಬೆರಳು ಮೇಲೆದ್ದಿತು. ಇಂದಾಪುರದ ಕಡೆಯಿಂದ ದಪ್ಪ ಹಲ್ಲಿನ ಟೈರು ತಂದು ಹಾಕಿದೆವು, ಅವು ಮಡ್‌ಗಾರ್ಡಿಗೆ ತಾಗಿದವು, ಮಡ್‌ಗಾರ್ಡನ್ನೇ ಕತ್ತರಿಸಿದೆ. ಗಾಳಿ ಎಳೆಯುವ ಬಾಯಿಗೆ ನಲ್ಲಿ ಕೆಲಸದವರ ಪ್ಲಾಸ್ಟಿಕ್ ಪೈಪು ಜೋಡಿಸಿ ಗಾಜಿನ ಎತ್ತರಕ್ಕೆ ಒಯ್ದೆ, ಹಳ್ಳದಲ್ಲಿ ಎಂಜಿನ್ನು ನೀರು ಕುಡಿಯಬಾರದಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನೀರು ಹೋಗದಂತೆ ಆಸ್ಪತ್ರೆಯವರು ಹಾಕಿಕೊಳ್ಳುವ ರಬ್ಬರಿನ ಕೈಗವಸು ತೊಡಿಸಿದೆ: ಬೆರಳ ತುದಿ ಕತ್ತರಿಸಿ, ನಾಲ್ಕು ಬೆರಳಿನಿಂದ ನಾಲ್ಕು ಪ್ಲಗ್ಗಿನ ವೈರು, ಹೆಬ್ಬೆರಳಿನಿಂದ ಕಾಯಿಲಿನ ವೈರು. ಅದನ್ನು ಕಂಡು ಅಣ್ಣ ಇಡೀ ವಾರ ನಕ್ಕ. ಸಂಜೆ ಕೆಸರು ಮೆತ್ತಿಕೊಂಡು ಮನೆಗೆ ಬಂದರೆ ವೈನಿಗೆ ಹೇಳುತ್ತಿದ್ದ, "ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ನಮ್ಮದು ಬಾಯೂ ಕೆಸರಽ." ಆ ಏಳೆಂಟು ವರ್ಷ ನಾವು ಭಾಳ ಸುಖವಾಗಿದ್ದೆವು. ಆಗ ಅದು ಗೊತ್ತಿರಲಿಲ್ಲ.

ಇಲ್ಲಿ ಹಬ್ಬಿನ ವಿಷಯ ಹೇಳಬೇಕು. ನಮ್ಮ ಜೀಪಿನ ಮುಂದಿನ ಎರಡು ಗಾಲಿಗಳ ನಟ್ಟನಡುವೆ ಒಂದೊಂದು ಡಯಲ್ ಇತ್ತು, ಡಬ್ಬಿಯ ಮುಚ್ಚಳದಷ್ಟು. ಡಾಂಬರು ರಸ್ತೆಯಲ್ಲಿ ಅದನ್ನು ಬಿಡಿಸಿಟ್ಟಿರುತ್ತೇವೆ, ಮುಂದಿನ ಗಾಲಿ ಸುಮ್ಮನೆ ಉರುಳುತ್ತದೆ. ಕೆಸರಿಗೆ ಇಳಿಯುವ ಮುನ್ನ ಕೆಳಗಿಳಿದು, ಎರಡೂ ಡಯಲ್ಲನ್ನು ಕೈಯಿಂದ ಗಟ್ಟಿಯಾಗಿ ತಿರುವಿ ಕಚ್ಚಿಸಬೇಕು. ಆಗಷ್ಟೇ ಎಂಜಿನ್ನಿನ ಬಲ ಮುಂದಿನ ಗಾಲಿಗೂ ಹೋಗುತ್ತದೆ. ಗುಡ್ಡಕ್ಕೆ ಬರುವ ನಮ್ಮ ನಾಲ್ಕೈದು ಜೀಪುಗಳವರಲ್ಲಿ ಒಂದು ಪದ್ಧತಿ ಇತ್ತು. ಯಾರು ಓಡಿಸುತ್ತಾರೋ ಅವರೇ ತಮ್ಮ ಹಬ್ ಹಾಕಬೇಕು. ಮತ್ತೊಬ್ಬರು ಮುಟ್ಟುವುದಿಲ್ಲ, ಹಾಕಿದಿರಾ ಎಂದು ಕೇಳುವುದೂ ಇಲ್ಲ. ಕೇಳಿದರೆ, ಉಂಡೆದ್ದವನನ್ನು ಕೈ ತೊಳೆದೆಯಾ ಎಂದು ಕೇಳಿದ ಹಾಗೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಶ್ರಾವಣದಲ್ಲಿ, ಭೋರ್ ಆಚೆಯ ಕೆಂಪು ಮಣ್ಣಿನ ಒಂದು ಏರಿನ ಬುಡದಲ್ಲಿ, ಅಣ್ಣ ಇಳಿದು ಹಬ್ ಹಾಕಿ ಮತ್ತೆ ಹತ್ತಿ ಕುಳಿತ. ನಾನು ಮೇಲೆ ನಿಂತು ಕೈಸನ್ನೆ ಮಾಡುತ್ತಿದ್ದೆ. ಅರ್ಧ ಏರಿನಲ್ಲಿ ಜೀಪು ಮುಂದಕ್ಕೆ ಬರಲೇ ಇಲ್ಲ. ಹಿಂದಿನ ಗಾಲಿ ಮಣ್ಣು ತೋಡಿತು, ಮುಂದಿನವು ಸತ್ತಂತೆ ನಿಂತವು, ಜೀಪು ಹಿಂದಕ್ಕೆ ಜಾರಿ ಅಡ್ಡಬಿದ್ದು ಒಂದು ಬದುವಿಗೆ ಆತುಕೊಂಡಿತು. ಬದು ಇರದಿದ್ದರೆ ಅಣ್ಣ ಹಳ್ಳದಲ್ಲಿರುತ್ತಿದ್ದ. ನಾನು ಓಡಿ ಬಂದು ನೋಡಿದರೆ ಎರಡೂ ಡಯಲ್ ಅರ್ಧಕ್ಕೇ ನಿಂತಿವೆ.

"ಹಾಕೀನೋ," ಅಂದ ಅಣ್ಣ.

"ಇದಕ್ಕ ಹಾಕೂದು ಅಂತಾರ? ಕಣ್ಣು ಕುರುಡ ಆಗ್ಯಾವೇನು ನಿನ್ನವು?" ಎಂದು ಎಲ್ಲರೆದುರು ಬೊಬ್ಬೆ ಹೊಡೆದೆ. ಹೆದರಿದ್ದೆ, ಅದಕ್ಕೆ ಕೂಗಿದೆ. ಅವನು ತಿರುಗಿ ಬೈಯಲಿಲ್ಲ. ಬೈಯದ್ದೇ ವಿಚಿತ್ರ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ, ಮೂರ್ಖ ಮುಂಡೇಗಂಡ ನಾನು.

ಮನೆಗೆ ಬಂದ ಮೇಲೆ ವೈನಿ ಹೇಳಿದಳು. ಆರು ತಿಂಗಳಿಂದ ಅವನ ಅಂಗಿಯ ಗುಂಡಿ ಅವಳೇ ಹಾಕುತ್ತಿದ್ದಳು. ಯಾರಿಗೂ ಹೇಳಕೂಡದೆಂದು ಅವನು ಆಣೆ ಹಾಕಿಸಿಕೊಂಡಿದ್ದ. ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ನರಗಳು ಒಂದೊಂದಾಗಿ ಸುಮ್ಮನಾಗುತ್ತ ಹೋಗುವ ರೋಗ, ಮೊದಲು ಕೈ, ಆಮೇಲೆ ಕಾಲು, ಆಮೇಲೆ ಉಳಿದದ್ದು, ಔಷಧವಿಲ್ಲ ಎಂದರು ಡಾಕ್ಟರು. ಅಣ್ಣ ಹೊರಗೆ ಬಂದು ರಿಕ್ಷಾದಲ್ಲಿ ಕುಳಿತು ಒಂದೇ ಮಾತು ಹೇಳಿದ. "ಆ ಏರು ಒಮ್ಮೆ ನಾನಽ ಹತ್ತಸ್ಬೇಕು. ನನ್ನ ಹಬ್ ನಾನಽ ಹಾಕಿ."

ಗ್ಯಾರೇಜಿನವನಿಗೆ ಇದಕ್ಕಿಂತ ದೊಡ್ಡ ಆಜ್ಞೆ ಯಾವುದು? ಮುಂದಿನ ಮಳೆಗಾಲದವರೆಗೆ ನಾನು ಬೇರೆಯವರ ಗಾಡಿಗೆ ಸರಿಯಾಗಿ ಕೈ ಹಚ್ಚಲಿಲ್ಲ. ಹಗುರವಾಗಿ ತಿರುಗಲೆಂದು ಲಾರಿಯ ದೊಡ್ಡ ಸ್ಟಿಯರಿಂಗ್ ಚಕ್ರ ಹಾಕಿದೆ. ಅಂಗೈಯಿಂದಲೇ ತಿರುಗಿಸಲೆಂದು ಅದಕ್ಕೊಂದು ಗುಂಡನೆಯ ಗುಬುಟು ಕೂರಿಸಿದೆ. ಗೇರಿನ ಕೋಲಿಗೆ ಗೇಣುದ್ದ ಪೈಪು ಬೆಸೆದೆ. ಮೊದಲು ಜೀಪಿಗೆ ಏನು ಬೇಕೆಂದು ಗುಡ್ಡವನ್ನು ನೋಡಿ ತೀರ್ಮಾನಿಸುತ್ತಿದ್ದೆ, ಈಗ ಅಣ್ಣನ ಕೈ ನೋಡಿ ತೀರ್ಮಾನಿಸುತ್ತಿದ್ದೆ. ಆದರೆ ಅಳತೆ ತೆಗೆದುಕೊಂಡು ಸಾಮಾನು ತಂದು ಬೆಸೆದು ಮುಗಿಸುವಷ್ಟರಲ್ಲಿ ಆ ಕೈ ಇನ್ನಷ್ಟು ಸೋತಿರುತ್ತಿತ್ತು. ಗುಬುಟನ್ನು ಮೂರು ಸಲ ಬದಲಿಸಿದೆ.

ಉಳಿದದ್ದು ಹಬ್. ತಿರುವಲು ಒಂದು ಉದ್ದ ಹಿಡಿಕೆ ಮಾಡಿಕೊಟ್ಟೆ. "ಅದ್ಯಾಕ ಬೇಕು, ಕುಂಟನ ಕೋಲು ಹಿಡದಂಗ," ಎಂದು ಎಸೆದ. ಶೆಡ್ಡಿನಲ್ಲಿ ದಿನಾ ಡಯಲ್ಲಿನ ಮುಂದೆ ಕೂತು ಹಲ್ಲು ಕಚ್ಚಿ ತಿರುವುತ್ತಿದ್ದ, ಅದು ಅಲುಗುತ್ತಿರಲಿಲ್ಲ. ಅದನ್ನು ನೋಡಲಾರದೆ ಒಂದು ದಿನ ಅವನು ಆಫೀಸಿಗೆ ಹೋಗಿದ್ದಾಗ ನಾನು ಎರಡೂ ಹಬ್ ಬಿಚ್ಚಿದೆ. ಒಳಗಿನ ಹಲ್ಲಿನ ಚಕ್ರವನ್ನು ಕಾಯಂ ಕಚ್ಚುವಂತೆ ಬೆಸೆದೆ. ಮೇಲಿನ ಡಯಲ್ಲಿಗೂ ಒಳಗಿನದಕ್ಕೂ ಸಂಬಂಧ ಕಡಿದು, ಅದು ಸುಮ್ಮನೆ ತಿರುಗುವಂತೆ ಮಾಡಿ ಮುಚ್ಚಿದೆ. ಏರು ಹತ್ತಲು ಇಷ್ಟು ಸಾಕು, ಅವನ ಮಾನವೂ ಉಳಿಯುತ್ತದೆ ಎಂದುಕೊಂಡೆ. ಅದರಾಚೆ ಏನನ್ನೂ ಯೋಚಿಸಲಿಲ್ಲ.

ಶನಿವಾರ ಮಧ್ಯಾಹ್ನ ಅಣ್ಣ ಬಂದು ಡಯಲ್ಲಿಗೆ ಕೈ ಹಚ್ಚಿದ. ತಿರುಗಿತು. ಅವನು ಕೈ ತೆಗೆದು ತನ್ನ ಬೆರಳನ್ನೇ ನೋಡಿಕೊಂಡ. ಇನ್ನೊಂದು ಬದಿಗೆ ಹೋದ, ಅದೂ ತಿರುಗಿತು. "ಏ, ಬಂತಲೇ! ಕೈಯಾಗ ಕಸುವು ಬಂತಲೇ!" ಎಂದು ಕೂಗಿದವನೇ ಅಂಗಳದಿಂದಲೇ ವೈನಿಯನ್ನು ಕರೆದ. ಎರಡು ತಿಂಗಳಿಂದ ಅವಳು ಊರಿನ ಒಬ್ಬ ನಾಟಿ ವೈದ್ಯನ ಕಷಾಯ ಕುದಿಸಿ ಕೊಡುತ್ತಿದ್ದಳು, ಕಟ್ಟುನಿಟ್ಟಾದ ಪಥ್ಯದ ಸಮೇತ. ಅವಳು ಮೆಟ್ಟಿಲಿಳಿದು ಓಡಿ ಬಂದಳು.

"ಔಷಧ ನಾಟೇದ ನೋಡು! ತಮ್ಮಾ, ನೀನಽ ಕಣ್ಣಾರೆ ನೋಡಿದಿ ಹೌದಿಲ್ಲೋ?"

ಯಪ್ಪಾ, ಆ ಮುಖ ನೋಡಿ ನಾನು ಏನು ಹೇಳಲಿ? "ನೋಡಿದ್ನಿ ವೈನಿ," ಎಂದೆ. ಅವತ್ತು ಹೋಳಿಗೆ ಮಾಡಿದಳು. ನಾನು ಎರಡು ತಿಂದೆ.

ಮರುದಿನ ಗುಡ್ಡಕ್ಕೆ ಹೋದೆವು. ಏರಿನ ಬುಡದಲ್ಲಿ ಅಣ್ಣ ಎಲ್ಲರ ಕಣ್ಣೆದುರು ಇಳಿದು ತನ್ನ ಹಬ್ ತಾನೇ ಹಾಕಿದ. ಹತ್ತಿ ಕುಳಿತ. ಅಂಗೈಯಿಂದ ಗುಬುಟು ಒತ್ತುತ್ತ, ನನ್ನನ್ನು ಬಾಯಿ ತುಂಬ ಬೈಯುತ್ತ, ಕೆಂಪು ಏರನ್ನು ಒಂದೇ ಉಸಿರಿಗೆ ಹತ್ತಿಸಿದ. ಮೇಲೆ ಎಲ್ಲರೂ ಸೀಟಿ ಹೊಡೆದರು. ನಾನು ಮುಖ ತಿರುಗಿಸಿ ಅತ್ತೆ.

ಸಾಯಂಕಾಲ ಡಾಂಬರು ರಸ್ತೆಗೆ ಬಂದಾಗ ಎಲ್ಲರೂ ಇಳಿದು ಹಬ್ ಬಿಡಿಸಿಕೊಳ್ಳುತ್ತಿದ್ದರು. ಅಣ್ಣ ತನ್ನದನ್ನು ಬಿಡಿಸಿ, ಖುಷಿಯ ಭರದಲ್ಲಿ, ಎಂದೂ ಮಾಡದ ಕೆಲಸ ಮಾಡಿದ. ಭೋರ್‌ನ ಹಾಲಿನ ವ್ಯಾಪಾರಿಯೊಬ್ಬ ನಮ್ಮ ಹಳೆಯ ಜೊತೆಗಾರ. "ಇವತ್ತು ನಿನ್ನದೂ ನಾನೇ ಬಿಡಿಸುತ್ತೇನೆ," ಎಂದು ಮರಾಠಿಯಲ್ಲಿ ಅವನಿಗೆ ಹೇಳಿ, ಅವನ ಜೀಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ನಾನು "ಬ್ಯಾಡೋ ಅಣ್ಣಾ" ಎನ್ನುವಷ್ಟರಲ್ಲಿ ಡಯಲ್ಲಿಗೆ ಕೈ ಹಚ್ಚಿದ್ದ. ಅದು ಅಲುಗಲಿಲ್ಲ. ಎರಡೂ ಕೈ ಹಚ್ಚಿದ. ಅಲುಗಲಿಲ್ಲ. ವ್ಯಾಪಾರಿ ಮೆಲ್ಲಗೆ "ರಾಹೂ ದ್ಯಾ, ಭಾವೂ" ಎಂದ, ಇರಲಿ ಬಿಡಿ ಎಂದು, ಮತ್ತು ದೂರ ಸರಿದು ಜೀಪಿನ ಹಿಂದಿದ್ದ ಹಾಲಿನ ಕ್ಯಾನನ್ನು ಸುಮ್ಮನೆ ಅತ್ತಿತ್ತ ಸರಿಸತೊಡಗಿದ.

ಅಣ್ಣ ಎದ್ದು ನಮ್ಮ ಜೀಪಿಗೆ ಬಂದ. ಒಂದು ಬೆರಳನ್ನು ನಮ್ಮ ಡಯಲ್ಲಿನ ಮೇಲಿಟ್ಟು ಅತ್ತ ತಿರುವಿದ, ಇತ್ತ ತಿರುವಿದ. ಆಮೇಲೆ ನನ್ನನ್ನು ನೋಡಿದ. ನಾನು ರಸ್ತೆಯ ಜಲ್ಲಿ ನೋಡುತ್ತ ನಿಂತೆ.

ಭೋರ್ ಪೇಟೆಯಲ್ಲಿ ಚಹಾಕ್ಕೆ ನಿಂತೆವು. ಚಹಾ ಸುರಿದ ಬಶಿಯನ್ನು ನಾನೇ ಅವನ ತುಟಿಗೆ ಹಿಡಿದೆ. ಕುಡಿದು ಮುಗಿಸಿ ಕೇಳಿದ, "ಯಾವಾಗ ಮಾಡಿದಿ?"

"ಶುಕ್ರವಾರ."

"ಕೆಲಸ ಬರೋಬ್ಬರಿ ಆಗ್ಯದ, ಒಂದೀಟೂ ತಪ್ಪಿಲ್ಲ," ಅಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಮೇಲೆ ಅಂದ, "ಅಕಿಗೆ ಹೇಳಬ್ಯಾಡ. ಔಷಧ ನಾಟೇದ ಅಂತ ಭಾಳ ಖುಷಿ ಆಗ್ಯಾಳ. ಇದ್ದಷ್ಟು ದಿನಾರ ಇರ್ಲಿ." ನಾನು ಅವನ ಕೈ ಮುಟ್ಟಿ ಆಗಲಿ ಎಂದೆ.

ಮರುದಿನದಿಂದ ಅವನು ವೈನಿಗೆ, ಗುಂಡಿ ನಾನೇ ಹಾಕಿಕೊಳ್ಳುತ್ತೇನೆ ಎಂದು ಹೇಳಿ, ಗುಂಡಿ ಹಾಕದ ತೋಳಿನಲ್ಲೇ ಮೆಟ್ಟಿಲಿಳಿದು ಶೆಡ್ಡಿಗೆ ಬರುತ್ತಿದ್ದ. ನಾನು ಸೀಮೆಎಣ್ಣೆಯಲ್ಲಿ ಕೈ ತೊಳೆದು ಅವನ ಗುಂಡಿ ಹಾಕುತ್ತಿದ್ದೆ. ಎಷ್ಟು ತೊಳೆದರೂ ತೋಳಿಗೆ ಗ್ರೀಸು ಹತ್ತುತ್ತಿತ್ತು. ವೈನಿ ಬಟ್ಟೆ ತೊಳೆಯುವಾಗ ಆ ಕಲೆ ನನಗೇ ತೋರಿಸಿ ನಗುತ್ತಿದ್ದಳು: "ದಿನಾ ಮುಂಜಾನೆ ಹಬ್ ತಿರುವಿ ಹೋಗ್ತಾರ ನೋಡು, ಸಣ್ಣ ಹುಡುಗರಂಗ."

ನಾಲ್ಕು ತಿಂಗಳು ಹೀಗೆ ನಡೆಯಿತು. ಆಮೇಲೆ ಅವನ ಕಾಲು ಸೋತವು, ಮೆಟ್ಟಿಲಿಳಿಯುವುದು ನಿಂತಿತು. ಅದರ ಹಿಂದಿನ ವಾರ ಹಬ್ಬವಿತ್ತೆಂದು, ಅವನ ಆಸೆಗೆಂದು, ವೈನಿ ಬದನೆಕಾಯಿ ಎಣಗಾಯಿ ಮಾಡಿ ಬಡಿಸಿದ್ದಳು. ವೈದ್ಯ ಬದನೆಕಾಯಿ ಬೇಡವೆಂದಿದ್ದ. "ಬಂದ ಕಸುವು ನನ್ನ ಕೈಲೆ ಹೋತು," ಎಂದು ಅವಳು ತಲೆ ಚಚ್ಚಿಕೊಂಡಳು. ಅಣ್ಣ ನನ್ನನ್ನು ನೋಡಿದ. ಆಗಲೇ ಅವನ ಮಾತು ತೊದಲುತ್ತಿತ್ತು. "ಹಂಗೇನಿಲ್ಲ ಬಿಡ" ಎಂದಷ್ಟೇ ಅಂದ. ನಾನು ಬಾಯಿ ಬಿಡಬೇಕೆಂದರೆ ಕೊಟ್ಟ ಮಾತು ಅಡ್ಡ ಬಂತು. ಇಲ್ಲ, ಸುಳ್ಳೇಕೆ ಹೇಳಲಿ, ಅಂಜಿಕೆ ಅಡ್ಡ ಬಂತು. ಮರು ಮಳೆಗಾಲದ ಮೊದಲೇ ಅಣ್ಣ ತೀರಿಕೊಂಡ.

ಜೀಪು ಶೆಡ್ಡಿನ ಮೂಲೆಯಲ್ಲಿ ಆರು ವರ್ಷ ನಿಂತಿತು. ವಾಡೆ ಕೆಡವಿ ಫ್ಲ್ಯಾಟು ಕಟ್ಟುತ್ತಾರೆಂದು ಗೊತ್ತಾದಾಗ ಅದನ್ನು ಭೋರ್‌ನ ವ್ಯಾಪಾರಿಗೆ ಕೊಡುವುದೆಂದಾಯಿತು. ಅವನು ಒಯ್ಯುವ ದಿನ ವೈನಿ ಕೆಳಗಿಳಿದು ಬಂದಳು.

"ಅವರು ತಿರುವ್ತಿದ್ದದ್ದು ಯಾವುದೋ ತಮ್ಮಾ?"

ತೋರಿಸಿದೆ. ಅವಳು ಧೂಳು ಒರೆಸಿ ಡಯಲ್ಲಿನ ಮೇಲೆ ಬೆರಳಿಟ್ಟಳು. ನನ್ನ ಕೆಲಸ ಬರೋಬ್ಬರಿಯೇ ಇತ್ತು, ಆರು ವರ್ಷ ನಿಂತರೂ ಸಲೀಸಾಗಿ ತಿರುಗಿತು. ಅವಳು ಕೈ ಹಿಂದೆಗೆದು ನನ್ನನ್ನು ನೋಡಿದಳು.

"ಆವಾಗ ಬಿಗಿ ಇತ್ತ್ರಿ ವೈನಿ. ಈಗ ಸಡ್ಲ ಆಗ್ಯದ," ಎಂದೆ. ಇಷ್ಟಾದರೂ ಸುಳ್ಳು.

ಅವಳು ಜೀಪನ್ನು ಸುತ್ತಿ ಆಚೆ ಬದಿಗೆ ಹೋದಳು, ಅಲ್ಲಿಯದನ್ನೂ ಒಂದೇ ಬೆರಳಿನಿಂದ ತಿರುವಿದಳು. ಅಲ್ಲೇ ಬಗ್ಗಿ ನಿಂತಳು. ನನಗೆ ಬಾನೆಟ್ಟಿನ ಆಚೆ ಅವಳ ತಲೆ ಮಾತ್ರ ಕಾಣುತ್ತಿತ್ತು.

"ಹಂಗಾರ ಬದನೀಕಾಯಿಂದಲ್ಲ," ಅಂದಳು. "ಆರು ವರ್ಷ ಆತೋ ತಮ್ಮಾ, ನಾ ಬದನೀಕಾಯಿ ಮುಟ್ಟಿಲ್ಲ."

ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದಳು. ಅದಾದ ಮೇಲೆ ನನ್ನನ್ನು ತಮ್ಮಾ ಎಂದು ಕರೆಯಲಿಲ್ಲ.