ಅಮೋಸನ ಕಾಲು ನಿಧಾನವಾಗಿರಲಿಲ್ಲ

ಅಮೆರಿಕದ ಟೊಲೀಡೋದಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಲ್ಲಿನ ಬಗೆಯ ಫುಟ್‌ಬಾಲ್ ತಂಡದಲ್ಲಿ ರೋಸ್‌ಮೇರಿ ಕುಬಿಯಾಕ್ ಮಾಡುತ್ತಿದ್ದ ಕೆಲಸಕ್ಕೆ ಯಾರೂ ಆಸೆಪಟ್ಟು ಬರುವುದಿಲ್ಲ. ಉಳಿದವರು ಕಾಲೇಜು ಆಟಗಾರರನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರೆ, ಇವಳು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ತಮ್ಮದೇ ತಂಡದ ಐವತ್ತಮೂರು ಜನರ ಆಟವನ್ನು ಪರದೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿ, ಯಾರು ಇನ್ನೂ ಗಟ್ಟಿ, ಯಾರು ಸವೆದಿದ್ದಾರೆ ಎಂದು ಬರೆಯಬೇಕು. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್. ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ದಿನ ಅದು. ಯಾವ ಜಾಗಕ್ಕೆ ಮೊದಲು ಹೊಸಬನನ್ನು ತರಬೇಕು ಎಂಬುದು ಅವಳ ವರದಿಯಿಂದಲೇ ಶುರುವಾಗುತ್ತಿತ್ತು. ಹೊಸಬ ಬೇಕೆಂದು ಅವಳು ಬರೆದ ಪ್ರತಿಯೊಂದು ಜಾಗದಲ್ಲೂ ಆಗಲೇ ಒಬ್ಬ ಮನುಷ್ಯ ಇರುತ್ತಿದ್ದ.

ಆ ವರ್ಷ ಆ ಮನುಷ್ಯ ಅಮೋಸ್ ಗ್ಯಾಡ್ಸ್‌ಡೆನ್. ಮೂವತ್ತಮೂರು ದಾಟಿದ್ದ, ಬಾಗಿಲು ತುಂಬುವಂಥ ಆಳು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಎಡಗಡೆಯನ್ನು ಒಂಬತ್ತು ವರ್ಷದಿಂದ ಕಾಯುತ್ತಿದ್ದ. ಕಳೆದ ಋತುವಿನಲ್ಲಿ ಎದುರಾಳಿಗಳು ಅದೇ ಎಡಗಡೆಯಿಂದ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನನ್ನು ಹನ್ನೊಂದು ಸಲ ಕೆಡವಿದ್ದರು. ಕೊನೆಯ ಸಲ ಅವನ ಭುಜದ ಮೂಳೆ ಮುರಿದಿತ್ತು. "ಅಮೋಸನ ಕಾಲು ಹೋಯ್ತು" ಎಂದು ಊರಿಗೆ ಊರೇ ಹೇಳುತ್ತಿತ್ತು.

ಭಾನುವಾರ ಮಧ್ಯಾಹ್ನ ಆ ಹನ್ನೊಂದನ್ನೂ ಸಾಲಾಗಿ ನೋಡುವಾಗ ರೋಸ್‌ಮೇರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಹನ್ನೊಂದೂ ತಮ್ಮ ಮೈದಾನದಲ್ಲೇ ಆಗಿದ್ದವು. ಪರ ಊರಿನ ಎಂಟು ಪಂದ್ಯಗಳಲ್ಲಿ ಒಂದೂ ಇಲ್ಲ. ಪರ ಊರಿನಲ್ಲಿ ಜನ ಬೊಬ್ಬೆ ಹೊಡೆದು ಏನೂ ಕೇಳಗೊಡುವುದಿಲ್ಲವಾದ್ದರಿಂದ ಆಟಗಾರರು ಚೆಂಡನ್ನೇ ನೋಡಿಕೊಂಡು, ಅದು ಅಲುಗಿದೊಡನೆ ಹೊರಡುತ್ತಾರೆ. ತಮ್ಮ ಮೈದಾನದಲ್ಲಿ ಜನ ತೆಪ್ಪಗಿರುತ್ತಾರೆ, ಆಟಗಾರರು ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳಿ ಹೊರಡುತ್ತಾರೆ. ಆ ನಿಶ್ಶಬ್ದದಲ್ಲೇ ಅಮೋಸ್ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಏಳುತ್ತಿದ್ದ.

ಅವಳಿಗೆ ಅಪ್ಪನ ನೆನಪಾಯಿತು. ಕಾರಿನ ತಗಡು ಒತ್ತುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತ ಅಪ್ಪ, ಊಟದ ಮೇಜಿನಲ್ಲಿ ಎಲ್ಲರೂ ನಕ್ಕ ಮೇಲೆ ಅವರ ಮುಖ ನೋಡಿ ನಗುತ್ತಿದ್ದ. ಅವಳು ಹನ್ನೊಂದನ್ನೂ ಮತ್ತೆ ಮೊದಲಿನಿಂದ ಓಡಿಸಿದಳು.

ಸೋಮವಾರ ಬೆಳಿಗ್ಗೆ ಕಸರತ್ತಿನ ಕೋಣೆಯಲ್ಲಿ ಅಮೋಸ್ ಒಬ್ಬನೇ ಬೆಂಚಿನ ಮೇಲೆ ಕೂತು ಮೊಣಕೈಗೆ ಪಟ್ಟಿ ಸುತ್ತುತ್ತಿದ್ದ. ರೋಸ್‌ಮೇರಿ ಅವನ ಬಲಕ್ಕೆ, ಆಟದಲ್ಲಿ ಕೂಗು ಬರುವ ಕಡೆಗೆ, ನಿಂತು ಕರೆದಳು. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಕರೆಯುವಾಗ ತಾನು ಮಾಡುತ್ತಿರುವುದು ಅವಳಿಗೇ ಹೇಸಿಗೆಯೆನಿಸಿತು. ಎದುರಿಗೆ ಬಂದಳು.

"ಅಯ್ಯೋ, ಮಿಸ್ ರೋಸ್! ಬಂದಿದ್ದೇ ಗೊತ್ತಾಗ್ಲಿಲ್ವಲ್ಲ. ಬೆಕ್ಕಿನ ಹಾಗೆ ಬರ್ತೀರಪ್ಪ."

"ಮೂರು ಸಲ ಕರೆದೆ ಅಮೋಸ್. ಬಲಗಿವಿ ಪೂರ್ತಿ ಹೋಗಿದೆಯಾ?"

ಅವನ ನಗು ಅಲ್ಲೇ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿದ. "ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ಲ."

"ಬಲಗಡೇದು ಪೂರ್ತಿ. ಎಡಗಡೇದು ಅರ್ಧ. ನನ್ನ ಹೆಂಡ್ತಿಗೂ ಗೊತ್ತಿಲ್ಲ. ಮಾತು ಕೇಳೋದೇ ಇಲ್ಲ ಅಂತ ಮೊದಲಿಂದಲೂ ಬೈತಾಳಲ್ಲ, ನಡೆದುಹೋಗ್ತಿದೆ."

"ನಾಳೆ ಸಭೆ. ನಾನು ಏನಾದ್ರೂ ಬರೀಲೇಬೇಕು."

"ಕಾಲು ಹೋಗಿದೆ ಅಂತ ಬರೀರಿ. ಕಾಲು ಹೋದ್ರೆ ವಯಸ್ಸಾಯ್ತು ಅಂತಾರೆ, ಚಪ್ಪಾಳೆ ತಟ್ಟಿ ಕಳಿಸ್ತಾರೆ. ಕಿವಿ ಹೋದ್ರೆ ಅಯ್ಯೋ ಪಾಪ ಅಂತಾರೆ. ಅದು ನನಗೆ ಬೇಡ."

"ಕಾಲು ಅಂತ ಬರೆದ್ರೆ ಗುರುವಾರದ ಡ್ರಾಫ್ಟ್‌ನಲ್ಲಿ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ. ನಿನ್ನ ಕಾಲಿಗೆ ಏನೂ ಆಗಿಲ್ಲ ಕಣೋ. ಇನ್ನೊಂದು ವರ್ಷ ಆಡ್ತೀಯ."

"ನಿಮ್ಮನ್ನ ಕೈಮುಗಿದು ಕೇಳ್ಕೋತೀನಿ, ಮಿಸ್ ರೋಸ್" ಎಂದು ಅವನು ಪಟ್ಟಿ ಸುತ್ತುವುದನ್ನು ಮುಂದುವರಿಸಿದ.

ಮಂಗಳವಾರದ ಸಭೆಯಲ್ಲಿ ಏಳು ಜನ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಜಾಗಕ್ಕೂ ಆಟಗಾರರ ಹೆಸರು ಅಂಟಿಸಿತ್ತು. ತಂಡದ ವ್ಯವಸ್ಥಾಪಕ ವಾಲ್ಟ್ ಡ್ರಿಸ್ಕಲ್ ಅಮೋಸನ ಹೆಸರಿನ ಪಕ್ಕದಲ್ಲಿ ಆಗಲೇ ಕೆಂಪು ಬಿಲ್ಲೆ ಹಾಕಿದ್ದ. "ಎಡಗಾವಲಿಗೆ ಹೊಸಬ, ಅದೇ ನಮ್ಮ ಮೊದಲ ಆಯ್ಕೆ. ಬೇರೆ ಮಾತಿದ್ರೆ ಬೇಗ ಹೇಳಿ, ಊಟಕ್ಕೆ ಹೋಗೋಣ."

ರೋಸ್‌ಮೇರಿ ವರದಿಯನ್ನು ಮೇಜಿನ ನಡುವೆ ಸರಿಸಿದಳು. "ಕಾಲು ನಿಧಾನವಾಗಿಲ್ಲ, ವಾಲ್ಟ್. ಅಳತೆ ಮಾಡಿ ನೋಡಿದೀನಿ. ಹೊರಗಿನ ಪಂದ್ಯಗಳಲ್ಲಿ ಮೂರು ವರ್ಷದ ಹಿಂದಿನಷ್ಟೇ ಚುರುಕು. ಹನ್ನೊಂದೂ ಇಲ್ಲೇ ಆಗಿರೋದು."

"ಮನೇಲಿ ನಿಧಾನ, ಹೊರಗೆ ಚುರುಕು. ಅವನ ಹೆಂಡ್ತಿ ಅಡುಗೆ ಅಷ್ಟು ಭಾರಾನಾ?"

ಉಳಿದವರು ನಕ್ಕರು, ಕಾವಲು ಸಾಲಿನ ತರಬೇತುದಾರ ಪಾಚುಲಿಯೊಬ್ಬನನ್ನು ಬಿಟ್ಟು. ಅವನು ಕಾಫಿ ಲೋಟವನ್ನು ಕೆಳಗಿಟ್ಟ.

"ಯಾಕೆ ಅಂತ ಗೊತ್ತಾ, ರೋಸಿ?" ಎಂದ ವಾಲ್ಟ್.

"ಗೊತ್ತು."

"ಮತ್ತೆ ಹೇಳು."

"ಅದು ಅವನೇ ಹೇಳಬೇಕಾದ್ದು."

ವಾಲ್ಟ್‌ನ ಕತ್ತು ಕೆಂಪಗಾಯಿತು. "ಹದಿನಾಲ್ಕು ವರ್ಷದಿಂದ ನಿನ್ನ ಇಲ್ಲಿ ಇಟ್ಕೊಂಡಿರೋದು ಗುಟ್ಟು ಕಾಯೋಕಾ? ಗುರುವಾರ ನಾನು ತಪ್ಪು ಮಾಡಿದ್ರೆ ಈ ಕೋಣೇಲಿರೋ ಎಲ್ಲರೂ ಮನೆಗೆ ಹೋಗ್ತೀವಿ, ನೀನೂ ಸೇರಿ!"

ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಆಗ ಪಾಚುಲಿ ತನಗೆ ತಾನೇ ಹೇಳಿಕೊಳ್ಳುವವನಂತೆ ಮೆಲ್ಲಗೆ ಅಂದ: "ಹೊರಗಡೆ ಕಣ್ಣಲ್ಲಿ ಹೊರಡ್ತೀವಿ. ಇಲ್ಲಿ ಕಿವೀಲಿ."

ಉಳಿದ ಆರು ಮುಖಗಳೂ ಅವಳತ್ತ ತಿರುಗಿದವು. ಅಲ್ಲ ಎನ್ನಬಹುದಿತ್ತು. ಅವಳು ಅನ್ನಲಿಲ್ಲ. ಆ ಲೆಕ್ಕವನ್ನು ಮುಂದಿಟ್ಟರೆ ಯಾರಾದರೊಬ್ಬರಿಗೆ ಹೊಳೆದೇ ಹೊಳೆಯುತ್ತದೆ ಎಂದು ಸಭೆಗೆ ಬರುವ ಮೊದಲೇ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನವೇ ವೈದ್ಯರು ಅಮೋಸನನ್ನು ಕರೆಸಿದರು. ಬುಧವಾರವಿಡೀ ವಾಲ್ಟ್‌ನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ತಮ್ಮ ಮೈದಾನದಲ್ಲೂ ಕೂಗಿಲ್ಲದೆ ಚೆಂಡು ನೋಡಿಕೊಂಡೇ ಆಡಬಹುದು ಎಂದು ಪಾಚುಲಿ ಹಟ ಹಿಡಿದನಂತೆ. ಹಾಗೆ ಆಡಿದರೆ ಕೂಗಿನಿಂದ ಎದುರಾಳಿಯನ್ನು ಏಮಾರಿಸುವ ಅನುಕೂಲ ಹೋಗುತ್ತದೆ ಎಂದು ಮುಖ್ಯ ತರಬೇತುದಾರ ರೇಗಿದನಂತೆ. ಗುರುವಾರ ಸಂಜೆ ತಂಡದ ಸರದಿ ಬಂದಾಗ ವಾಲ್ಟ್ ಫೋನೆತ್ತಿ ಹೇಳಿದ ಹೆಸರು ಬೇರೆ ಜಾಗದ್ದು, ಚೆಂಡು ಹಿಡಿದು ಓಡುವ ಲೂಯಿಸಿಯಾನಾದ ಒಬ್ಬ ಆಟಗಾರನದ್ದು. ರೋಸ್‌ಮೇರಿ ಶೌಚಾಲಯಕ್ಕೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡಳು.

ಎಡಗಾವಲಿಗೆ ಮೂರನೇ ಸುತ್ತಿನಲ್ಲಿ ಒಬ್ಬನನ್ನು ತಂದು ಅಮೋಸನ ಕೈಕೆಳಗೆ ಬಿಟ್ಟರು. ಆ ಋತುವಿನ ಅಷ್ಟೂ ಪಂದ್ಯಗಳನ್ನು ಅಮೋಸ್ ಎಡಗಿವಿಗೆ ಯಂತ್ರ ಹಾಕಿಕೊಂಡು ಆಡಿದ. ಅವನ ಕಡೆಯಿಂದ ಕ್ವಾರ್ಟರ್‌ಬ್ಯಾಕ್ ಬಿದ್ದದ್ದು ಎರಡೇ ಸಲ. ಪತ್ರಿಕೆಗಳು ಅವನ ಕಿವಿಯ ಬಗ್ಗೆ ಕರುಣೆಯಿಂದ ಬರೆದವು; ಅವನು ಯಾವುದನ್ನು ಬೇಡವೆಂದಿದ್ದನೋ ಅದೇ. ಬೇಸಿಗೆಯಿಂದ ಡಿಸೆಂಬರ್‌ವರೆಗೆ ಮೊಗಸಾಲೆಯಲ್ಲಿ ಎದುರಾದಾಗಲೆಲ್ಲ ಅವನು ರೋಸ್‌ಮೇರಿಯನ್ನು ನೋಡದೆ ದಾಟಿ ಹೋಗುತ್ತಿದ್ದ. ಅವಳೂ ಕರೆಯಲಿಲ್ಲ.

ಜನವರಿಯಲ್ಲಿ ಅವನೇ ಆಟ ಬಿಟ್ಟ. ದಕ್ಷಿಣ ಕ್ಯಾರೊಲಿನಾದ ತನ್ನೂರಿಗೆ ಹೊರಡುವ ದಿನ ಕೋಟು ಹಾಕಿಕೊಂಡೇ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಇನ್ನೊಂದು ವರ್ಷ ಆಡಿದ್ದು ಒಳ್ಳೇದಾಯ್ತು, ಮಿಸ್ ರೋಸ್. ನೀವು ಮಾಡಿದ್ದು ಸರಿ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

"ಬೇಡ ಬಿಡು," ಎಂದಳು ಅವಳು, ಅವನಿಗೆ ತುಟಿ ಕಾಣುವಂತೆ ಮುಖವೆತ್ತಿ.

ಅವನು ಕೈ ಚಾಚಿದ. ಅವಳ ಕೈ ಅದರೊಳಗೆ ಮುಳುಗಿಹೋಯಿತು.