ಎರಡನೇ ಕೀಲಿ ಕೊಡದವಳು

ವಿಶಾಖಾಳನ್ನು ನಾನು ಮೊದಲು ನೋಡಿದ್ದು ಬೀದರಿನ ಚಿದ್ರಿಯಲ್ಲಿ, ಕರೀಮ ಸಾಬರ ಕಂಪ್ಯೂಟರ್ ಅಂಗಡಿಯಲ್ಲಿ. ನಾನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನವೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ಭಾಲ್ಕಿ ಬಸ್ಸಿನಿಂದ ಇಳಿದು ನೇರವಾಗಿ ಬಂದಿದ್ದಳು. ಚಪ್ಪಲಿಯ ಮೇಲೆ ಧೂಳು, ಸೆರಗಿನ ಗಂಟಿನಲ್ಲಿ ಒಂದು ಪೆನ್‌ಡ್ರೈವ್. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂ, ಬರೇ ಪಾಸ್‌ವರ್ಡ್ ಹಾಕಿದ್ರ ಸಾಲಂಗಿಲ್ರಿ. ನಮ್ಮ ಸಾವ್ಕಾರ ಮುಂದ ನಿಂತು 'ತಗಿ' ಅಂದ್ರ ಏನ್ ಮಾಡ್ಲಿ?"

ಸಾವ್ಕಾರ ಎಂದರೆ ಹಣಮಂತಪ್ಪ. ಕಬ್ಬು ಕಡಿಯಲು ಗ್ಯಾಂಗ್ ಕಳಿಸುವವನು. ಅವನ ಭಾಲ್ಕಿಯ ಆಫೀಸಿನಲ್ಲಿ ಈಕೆ ಟೈಪಿಸ್ಟ್. ಕಬ್ಬು ಕಡಿಯುವ ಕೊಯ್ತಾ ತಗುಲಿ ಗಾಯವಾದವರನ್ನು ದವಾಖಾನೆಗೆ ಒಯ್ಯದೆ ಹೊಲದಲ್ಲೇ ಬಿಡುತ್ತಿದ್ದರೆಂದು ಔರಾದ ಕಡೆಯ ಏಳು ಹೆಂಗಸರು ಹೆಸರು ಹೇಳಿ ಮಾತಾಡಿದ ದನಿಗಳು ಆ ಪೆನ್‌ಡ್ರೈವಿನಲ್ಲಿದ್ದವು. ಜನವರಿಯಲ್ಲಿ ಕಾರ್ಮಿಕ ಅಧಿಕಾರಿಯ ವಿಚಾರಣೆ. ಅದಕ್ಕೂ ಮೊದಲು ಹಣಮಂತಪ್ಪನಿಗೆ ತಿಳಿದರೆ ಏಳೂ ಜನ ಗ್ಯಾಂಗಿನಿಂದ ಹೊರಗೆ.

ನಾನು ಪೆನ್‌ಡ್ರೈವಿನಲ್ಲಿ ಒಂದೇ ಪೆಟ್ಟಿಗೆಗೆ ಎರಡು ಕೀಲಿ, ಅಂದರೆ ಎರಡು ಪಾಸ್‌ವರ್ಡ್, ಮಾಡಿಕೊಟ್ಟೆ. ಮೊದಲನೆಯದಕ್ಕೆ ಆಕೆಯ ಅಣ್ಣನ ಮಗಳ ತೊಟ್ಟಿಲ ಫೋಟೋಗಳು ತೆರೆಯುತ್ತವೆ. ಉಳಿದದ್ದು ಖಾಲಿ ಜಾಗದಂತೆ ಕಾಣುತ್ತದೆ. ದನಿಗಳಿರುವುದು ಅಲ್ಲೇ, ಎರಡನೇ ಕೀಲಿ ಹಾಕದೆ ಅವು ಇವೆಯೆಂದು ಯಾರೂ ಸಾಬೀತು ಮಾಡಲಾರರು. "ಆದ್ರ ಆ ಖಾಲಿ ಜಾಗದಾಗ ಏನೂ ತುಂಬಬ್ಯಾಡ, ದನಿ ಅಳಿಸಿ ಹೋಗ್ತಾವ" ಎಂದು ಎರಡು ಸಲ ಹೇಳಿದೆ.

ಡಿಸೆಂಬರಿನಲ್ಲಿ, ಆಕೆಯ ಪೆನ್‌ಡ್ರೈವಿನಲ್ಲಿ ಗ್ಯಾಂಗಿನವರ ದೂರುಗಳಿವೆಯೆಂದು ಯಾರೋ ಚಾಡಿ ಹೇಳಿದರು. ಹಣಮಂತಪ್ಪ ಎದುರಿಗೆ ನಿಂತು ತೆಗೆಸಿದ. ಆಕೆ ಮೊದಲ ಕೀಲಿ ಹಾಕಿದಳು. ಫೋಟೋ ನೋಡಿ ಅವನಿಗೆ ನಗು ಬಂತು.

"ಇಷ್ಟೇನಾ? ಸುಮ್ಮಸುಮ್ನ ಸಂಶಯಪಟ್ಟೆ ನೋಡು ತಂಗಿ. ಇಷ್ಟು ಜಾಗ ಖಾಲಿ ಅದಲ್ಲ, ನಮ್ಮ ಮಗಳ ಮದಿವಿ ವಿಡಿಯೋ ತುಂಬಿ ಕೊಡು, ಬೀಗರಿಗೆ ಕಳಸ್ತೀನಿ."

"ಅದು ಕೆಟ್ಟದ್ರಿ, ವಿಡಿಯೋ ಹಿಡಿಯಂಗಿಲ್ಲ."

"ಮೂವತ್ತು ಜಿಬಿ ಖಾಲಿ ಅಂತ ಅದೇ ಹೇಳಾಕತ್ತದ! ಸರಿ, ನಾನೇ ಹಾಕ್ತೀನಿ."

ಅವನ ಕೈ ಮೌಸಿನ ಮೇಲೆ ಬರುವಷ್ಟರಲ್ಲಿ ವಿಶಾಖಾ ಪೆನ್‌ಡ್ರೈವ್ ಕಿತ್ತುಕೊಂಡಳು.

"ಹೌದ್ರಿ, ಇದರಾಗ ಇನ್ನೊಂದು ಅದ. ಅದಕ್ಕ ಬ್ಯಾರೆ ಕೀಲಿ ಅದ. ಕೊಡಂಗಿಲ್ಲ."

"ಯಾರ್ಯಾರದಾರ ಅದರಾಗ?"

"ಜನವರಿದಾಗ ಬರ್ರಿ, ಕೇಳಸ್ತೀನಿ."

"ನೌಕರಿ ಹೋಗ್ತದ, ನೋಡು!"

"ಹೋಗ್ಲಿ ತಗೋರಿ. ಟೈಪಿಂಗ್ ನನ್ನ ಕೈಯಾಗ ಅದ, ನಿಮ್ಮ ಕುರ್ಚಿದಾಗ ಇಲ್ಲ."

ಅಂದೇ ಸಂಜೆ ಬೀದರಿಗೆ ಬಂದಳು. ಹಾಗೆ ಕಿತ್ತರೆ ಒಳಗಿದ್ದದ್ದು ಕೆಡುವುದೂ ಉಂಟು. ನಾನು ಎರಡನೇ ಕೀಲಿ ಒತ್ತಿದೆ. ಆ ಏಳು ಹೆಂಗಸರಲ್ಲಿ ಒಬ್ಬಳಾದ ಶಾಲುಬಾಯಿಯ ದನಿ ಬಂತು. ಏಳೂ ಇದ್ದವು. ಆಗ ವಿಶಾಖಾ ಕೂತಳು.

ವಿಚಾರಣೆಯಲ್ಲಿ ಆ ಏಳೂ ಜನರ ಒಪ್ಪಿಗೆ ಪಡೆದು ತಾನೇ ಕೀಲಿ ಒತ್ತಿದಳು. ಹಣಮಂತಪ್ಪ ಎದುರಿಗೇ ಕೂತು ಕೇಳಿದ.

ವಿಶಾಖಾ ಈಗ ಔರಾದಿನಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಾಳೆ. ಕಬ್ಬಿನ ಗ್ಯಾಂಗಿನ ಹೆಂಗಸರ ಅರ್ಜಿಗಳನ್ನು ಬರೆದುಕೊಡುತ್ತಾಳೆ.