ಎಕ್ಸ್-ರೇ ಕೋಣೆಯಲ್ಲಿ ಒಂದು ಲಿಂಗಪೂಜೆ

1997ರಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಎಕ್ಸ್-ರೇ ಟೆಕ್ನಿಷಿಯನ್ ಆಗಿದ್ದೆ. ಸಿಡುಕ ಎಂದು ಹೆಸರಾಗಿದ್ದೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮದು ಹಳೆಯ ಯಂತ್ರ. ಎದೆಯ ಚಿತ್ರ ತೆಗೆಯಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ರೋಗಿ ಅಲುಗಿದರೂ ಉಸಿರು ಬಿಟ್ಟರೂ ಫಿಲ್ಮ್ ಮಸುಕಾಗಿ ಹಾಳು. "ಉಸಿರು ಹಿಡೀರಿ, ಅಲುಗಬ್ಯಾಡ್ರಿ" ಎಂದು ದಿನವಿಡೀ ಕೂಗಿ ಕೂಗಿ ಗಂಟಲಿನ ಜೊತೆ ಮನಸ್ಸೂ ಒಣಗಿಹೋಗಿತ್ತು.

ಆ ವರ್ಷ ಆಷಾಢದಲ್ಲಿ ತಂಬ್ರಹಳ್ಳಿಯ ಗುರುಬಸವ್ವ ಎಂಬವರು ಬಂದರು. ನಲವತ್ತರ ಆಸುಪಾಸು ವಯಸ್ಸು, ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಉಣಬಡಿಸುವ ಕೆಲಸ. ಮೂರು ವಾರದಿಂದ ಕೆಮ್ಮು, ಸಂಜೆಯಾದರೆ ಜ್ವರ. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಡಾಕ್ಟರಿಗೆ ಕ್ಷಯದ ಅನುಮಾನ. ಎಕ್ಸ್-ರೇ ನೋಡದೆ ಔಷಧಿ ಶುರು ಮಾಡುವಂತಿರಲಿಲ್ಲ. ಆಕೆಯ ಚಿಂತೆಯೇ ಬೇರೆ. "ನನ್ನ ಕೆಮ್ಮು ಆ ಕೂಸುಗಳಿಗೆ ಹತ್ತಿದ್ರ ಹೆಂಗ್ರಿ ಸಾರ್? ನಾ ಅಲ್ಲಿಗೆ ಹೋಗಾದ ಬಿಟ್ಟೀನಿ" ಎಂದರು.

ಅವರ ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲೋಹ ಎಕ್ಸ್-ರೇಯನ್ನು ತಡೆದು ಚಿತ್ರದಲ್ಲಿ ಬಿಳಿ ಕಲೆಯಾಗಿ ಬೀಳುತ್ತದೆ, ಅಲ್ಲಿನ ಶ್ವಾಸಕೋಶ ಕಾಣುವುದಿಲ್ಲ. ತೆಗೆದಿಡಲು ಹೇಳಿದೆ.

"ಜೀವ ಇರಾತನಕ ಇದನ್ನ ಮೈಬಿಟ್ಟು ಇಡಂಗಿಲ್ರಿ."

ದಾರ ಸಡಿಲಿಸಿ ಹೊಕ್ಕುಳಿನಿಂದ ಕೆಳಗೆ ಇಳಿಸಿ ಎಂದರೆ, ಲಿಂಗ ಅಲ್ಲಿಗೆ ಇಳಿಯಬಾರದೆಂದು ಅದಕ್ಕೂ ಅವರು ಒಪ್ಪಲಿಲ್ಲ. ಹಾಳಾಗಿ ಹೋಗಲಿ ಎಂದು ಬೆನ್ನ ಮೇಲೆ ಹಾಕಿಸಿ ಚಿತ್ರ ತೆಗೆದೆ. ಕರಡಿಗೆ ಬಲಭುಜದ ಹತ್ತಿರಕ್ಕೆ ಜಾರಿ, ನೋಡಬೇಕಾದ ಜಾಗವನ್ನೇ ಮುಚ್ಚಿಬಿಟ್ಟಿತ್ತು. "ಇದರಲ್ಲಿ ನಾನೇನು ನೋಡಲಿ?" ಎಂದರು ಡಾಕ್ಟರು. ಆ ಸಿಟ್ಟನ್ನು ಗುರುಬಸವ್ವನ ಮೇಲೆ ತೀರಿಸಿಕೊಂಡೆ. "ತಗಿಯಾದಾದ್ರ ತಗಿ, ಇಲ್ಲಂದ್ರ ಮನಿಗೆ ನಡಿ." ಅವರು ಸೆರಗು ಸರಿಪಡಿಸಿಕೊಂಡು ನಡೆದೇಬಿಟ್ಟರು.

ಹತ್ತು ದಿನ ಕಳೆಯಿತು. "ಆ ಅಂಗನವಾಡಿಯಮ್ಮ ಬರಲಿಲ್ಲವಲ್ಲ" ಎಂದು ಡಾಕ್ಟರು ಎರಡು ಸಲ ಕೇಳಿದರು. ಎರಡನೆಯ ಸಲ ಕೇಳಿದಾಗ ನಾನು ರಿಜಿಸ್ಟರಿನಲ್ಲಿ ಅವರ ವಿಳಾಸ ಹುಡುಕಿದೆ. ಆಕೆಗೇನಾದರೂ ಆದರೆ ಆ ಪಾಪ ನನ್ನದೇ. ಭಾನುವಾರ ಬೆಳಿಗ್ಗೆ ತಂಬ್ರಹಳ್ಳಿಯ ಬಸ್ಸು ಹತ್ತಿದೆ.

ನಾನು ಹೋದಾಗ ಗುರುಬಸವ್ವ ಪೂಜೆಗೆ ಕುಳಿತಿದ್ದರು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ನೆಟ್ಟ ನೋಟ. ರೆಪ್ಪೆ ಬಡಿಯಲಿಲ್ಲ, ಅಷ್ಟು ಹೊತ್ತು ಒಂದು ಕೆಮ್ಮೂ ಬರಲಿಲ್ಲ. ಅಲುಗಬೇಡಿ ಎಂದು ಕೂಗುವುದೇ ಕಸುಬಾಗಿದ್ದ ನಾನು ಅಷ್ಟು ನಿಶ್ಚಲವಾದ ಮನುಷ್ಯರನ್ನು ಅದುವರೆಗೆ ನೋಡಿರಲಿಲ್ಲ.

ಪೂಜೆ ಮುಗಿಸಿ ನೀರು ಕೊಟ್ಟರು. ನಾನು ಬೈದದ್ದನ್ನು ಅವರು ಎತ್ತಲೇ ಇಲ್ಲ.

"ಅಕ್ಕಾರ, ಹಿಂಗ ಅಂಗೈಯಾಗ ಹಿಡಕೊಂಡು ನಿಂತ್ರ ಎದಿ ಚಿತ್ರಕ್ಕ ಏನೂ ಅಡ್ಡ ಬರಂಗಿಲ್ರಿ" ಎಂದೆ.

ಅವರು ಯೋಚಿಸಿದರು. "ಅಂಗೈಗೆ ಬರಾದು ಪೂಜಿಗೆ ಮಾತ್ರ ಸಾರ್. ಹಂಗಾರ ನಾಳಿ ಪೂಜಿನ ನಿಮ್ಮ ಕ್ವಾಣ್ಯಾಗ ಮಾಡ್ತೀನಿ, ನಡೀತೈತೇನ್ರಿ?"

ಒಪ್ಪಿದೆ. ನಾನೂ ಲಿಂಗವಂತನೆಂದು ಅವರಿಗೆ ಮಾತಿನಲ್ಲೇ ತಿಳಿದಿತ್ತು. "ನಿಮ್ದೆಲ್ಲೈತ್ರಿ?" ಎಂದು ಕೇಳಿದರು. ಟ್ರಂಕಿನಲ್ಲಿತ್ತು. ತರಬೇತಿಗೆ ಸೇರಿದಾಗ ತೆಗೆದಿಟ್ಟವನು ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಹಾಗೆಂದು ಹೇಳಿದಾಗ ಅವರು ನಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ನಮ್ಮೊಳಗ ಇರಾದ ಅದು, ನಾವು ನೋಡ್ಲಿ ಅಂತ ಅಂಗೈಗೆ ಬಂದೈತಿ ಸಾರ್. ನೋಡ್ತಾ ನೋಡ್ತಾ ನಾ ಯಾರಂತ ತಿಳೀತೈತಿ" ಎಂದಷ್ಟೇ ಹೇಳಿದರು.

ಸೋಮವಾರ ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ ಬಂದರು. ನಾನು ಕೋಣೆ ಗುಡಿಸಿ, ಚಪ್ಪಲಿ ಹೊರಗೆ ಬಿಟ್ಟಿದ್ದೆ. ಅವರು ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಖಾಲಿ ಕರಡಿಗೆಯನ್ನು ಶಿವದಾರದ ಸಮೇತ ಮೇಜಿನ ಮೇಲಿಟ್ಟು, ಫಿಲ್ಮ್ ಇರುವ ಚಪ್ಪಟೆ ಪೆಟ್ಟಿಗೆಗೆ ಎದೆ ಒತ್ತಿ ನಿಂತು, ಎಡಗೈಯನ್ನು ಪಕ್ಕಕ್ಕೆ ಚಾಚಿ, ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟರು. ಎಂದಿನಂತೆ ಕೂಗಲು ನನ್ನಿಂದಾಗಲಿಲ್ಲ. "ಉಸಿರು ತಗೊಂಡು ಹಿಡೀರಿ ಅಕ್ಕಾರ" ಎಂದು ಮೆಲ್ಲಗೆ ಹೇಳಿ ಬಟನ್ ಒತ್ತಿದೆ.

ಆ ಯಂತ್ರದಲ್ಲಿ ನಾನು ತೆಗೆದ ಅತ್ಯಂತ ಸ್ಪಷ್ಟ ಚಿತ್ರ ಅದು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಷಯದ ಗುರುತು ಕಾಣಿಸಿತು. ಅಂದೇ ಔಷಧಿ ಶುರುವಾಯಿತು. ಅಂಗನವಾಡಿಯ ಮಕ್ಕಳನ್ನೂ ಪರೀಕ್ಷಿಸಿದರು, ಯಾರಿಗೂ ತಗುಲಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಮೊದಲ ಕೆಲವು ದಿನ ನಾನು ಗದರಿಸಿದವರ ಮುಖಗಳೇ ಕಂಡವು. ಅಳು ಬಂತು, ಅತ್ತೆ. ಆಮೇಲಾಮೇಲೆ ಆ ಸಿಡುಕಿನ ಕೆಳಗೆ ಯಾರ ಮೇಲೂ ಸಿಟ್ಟಿಲ್ಲದ ಒಬ್ಬನಿದ್ದಾನೆ ಎಂದು ತಿಳಿಯಿತು. ಅವನೇ ನಾನು ಎಂದು ನಂಬಲು ಬಹಳ ದಿನ ಬೇಕಾದವು. ಯಂತ್ರ ಅದೇ ಇತ್ತು, ಹಾಳಾಗುವ ಫಿಲ್ಮ್ ಮಾತ್ರ ಕಡಿಮೆಯಾದವು. ಗದರಿದರೆ ಮನುಷ್ಯ ಬೆದರಿ ಅಲುಗುತ್ತಾನೆ. ಎದುರಿನವರು ಸ್ಥಿರವಾಗಿ ನಿಲ್ಲಬೇಕಾದರೆ ಮೊದಲು ನಾನು ಒಳಗೆ ಸ್ಥಿರವಾಗಬೇಕು. ನನ್ನ ಕಸುಬು ಕಲಿಸಿದ್ದು ಇಷ್ಟು.

ಔಷಧಿ ಮುಗಿದ ದಿನ ಗುರುಬಸವ್ವ ಹೇಳಿಹೋಗಲು ಬಂದರು. ನಾನು ಬಾಗಿ ಅವರ ಕಾಲು ಮುಟ್ಟಿದೆ. ಅವರು ಗಾಬರಿಯಿಂದ ಹಿಂದೆ ಸರಿದರು.

"ಇದೇನ್ರಿ ಸಾರ್, ಇಲ್ಲಿ ರೋಗಿ ನಾನಲ್ಲೇನ್ರಿ?"

"ನಾನೂ ರೋಗಿನ ಆಗಿದ್ನ್ರಿ ಅಕ್ಕಾರ. ನನಗ ಗೊತ್ತಾಗಿರ್ಲಿಲ್ಲ, ಅಷ್ಟ" ಎಂದೆ.